ಮಾವನ ಟ್ಯಾಬಿಗೆ ಮನೆಯಲ್ಲೇ ಜಾಗವಿಲ್ಲ

ನನ್ನ ಸೋದರಮಾವನ ಜೊತೆ ವಾದಕ್ಕಿಳಿದು ಗೆದ್ದವರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಇಲ್ಲ. ಇದು ನನ್ನ ಮಾತಲ್ಲ, ಮಾವನದೇ ಮಾತು! ಸುಳ್ಳು ಅನ್ನೋಣವೆಂದರೆ ಅದಕ್ಕೂ ವಾದ ಮಾಡಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಅಂಥ ಮಾವನ ಬಾಯನ್ನು ಕಳೆದ ಭಾನುವಾರ ಒಂದು ಟ್ಯಾಬು ಮುಚ್ಚಿಸಿತು. ಪಕ್ಕದಲ್ಲಿ ಕೂತಿದ್ದ ನಾನು ಬದುಕಿನ ಮೇಲಿನ ಆಸೆಯನ್ನೇ ಬಿಟ್ಟಿದ್ದೆ.

ಮಾವ ತಾಳಮದ್ದಲೆಯ ಅರ್ಥಧಾರಿ. ಬಣ್ಣವಿಲ್ಲ, ಕುಣಿತವಿಲ್ಲ, ಕೂತಲ್ಲೇ ಕೂತು ಬರೀ ಮಾತಿನಲ್ಲಿ ಎದುರಾಳಿಯನ್ನು ಮಲಗಿಸುವ ವಿದ್ಯೆ. ಅವನ ಖಾಯಂ ಎದುರಾಳಿ ಯಲ್ಲಾಪುರದ ಗೆಳೆಯರೊಬ್ಬರು. ಪ್ರಸಂಗ ಯಾವುದೇ ಇರಲಿ, ಗೆಲ್ಲುವ ಪಾತ್ರ ಮಾವನದು, ಸೋಲುವ ಪಾತ್ರ ಗೆಳೆಯರದು. ಹೀಗೆ ಹಂಚಿದ್ದು ಯಾರು ಎಂದು ಕೇಳಿದರೆ, "ಅದನ್ನೂ ವಾದ ಮಾಡಿಯೇ ಗೆದ್ದಿದ್ದು" ಎನ್ನುತ್ತಾನೆ.

ಈಚೆಗೆ ಗೆಳೆಯರು ಕಾಯಿಲೆ ಬಿದ್ದು ಮನೆ ಬಿಟ್ಟು ಹೊರಡದಂತಾದರು. ಅಂದಿನಿಂದ ಪ್ರತಿ ಭಾನುವಾರ ನಾಲ್ಕು ಗಂಟೆಗೆ ವೀಡಿಯೋ ಕಾಲಿನಲ್ಲೇ ವಾದ. ಟ್ಯಾಬು ತಂದಿದ್ದೇ ಅದಕ್ಕೆ. ಆದರೆ ಹಿಂದಿನ ವಾರ ಅದು ವೈಫೈಗೆ ಸೇರದೆ ಕಾಲ್ ತಪ್ಪಿಹೋಯಿತು. ಗೆಳೆಯರು ಶಾಲು ಹೊದ್ದು ಕತ್ತಲಾಗುವವರೆಗೂ ಫೋನಿನ ಮುಂದೆ ಕೂತೇ ಇದ್ದರು, ಕಾಫಿಯನ್ನೂ ಮುಟ್ಟಲಿಲ್ಲ ಎಂದು ಅವರ ಸೊಸೆ ತಿಳಿಸಿದಳಂತೆ. ಅವತ್ತಿನಿಂದ ಮಾವನಿಗೆ ಊಟ ಸೇರುತ್ತಿಲ್ಲ. ಈ ವಾರವೂ ತಪ್ಪಿದರೆ ಏನು ಗತಿ ಎಂದು ಅತ್ತೆ ನನ್ನನ್ನು ಸಿದ್ದಾಪುರದಿಂದ ಶಿರಸಿಗೆ ಕರೆಸಿದಳು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಯಾವಾಗಲೋ ಒಮ್ಮೆ ಮಾವನ ಮೊಬೈಲಿನ ಗಂಟೆ ಸರಿಮಾಡಿ ಕೊಟ್ಟಿದ್ದೆ. ನೆಂಟರಿಷ್ಟರಲ್ಲಿ ಎಂಜಿನಿಯರ್ ಅನ್ನಿಸಿಕೊಳ್ಳಲು ಅಷ್ಟು ಸಾಕು!

ಊಟ ಮುಗಿಸಿ ಟ್ಯಾಬು ಕೈಗೆತ್ತಿಕೊಂಡೆ. ‘ಸಂಪರ್ಕಿಸಲು ಸಾಧ್ಯವಾಗಲಿಲ್ಲ’ ಎಂದಿತು.

"ಎಂತಕ್ಕೆ ಸಾಧ್ಯ ಆಜಿಲ್ಲೆ ಹೇಳಿ ಕೇಳೇ ಕೂಸೆ" ಎಂದ ಮಾವ.

"ಅದು ಕಾರಣ ಹೇಳ್ತಿಲ್ಲೆ ಮಾವ."

"ಕಾರಣ ಹೇಳದ್ದೇ ಬರೀ ಇಲ್ಲೆ ಹೇಳುದು ಎಂಥಾ ವಾದ? ಎದುರಿಗೆ ಕೂತವಂಗೆ ಒಂದು ಉತ್ತರ ಬ್ಯಾಡದಾ?"

ನಾನು ಪಾಸ್‌ವರ್ಡ್ ಹೊಡೆದು ಮುಗಿಸುವಷ್ಟರಲ್ಲಿ ಅವನು ಟ್ಯಾಬಿಗೆ ಕೈ ತೋರಿಸುತ್ತ ಪೀಠಿಕೆಯನ್ನೇ ಮುಗಿಸಿದ್ದ. ಟ್ಯಾಬು ಜಗ್ಗಲಿಲ್ಲ. ಇನ್ನು ಹಳೆಯ ಸಂಪರ್ಕವನ್ನು ‘ಮರೆತುಬಿಡು’ ಎನ್ನುವ ಗುಂಡಿ ಒತ್ತಿ ಹೊಸದಾಗಿ ಸೇರಿಸಬೇಕು. ಬೆರಳಿಟ್ಟಿದ್ದೇ ತಡ, ಮಾವ ನನ್ನ ಕೈ ಹಿಡಿದ.

"ತಡಿ ತಡಿ! ಮನೆಯನ್ನೇ ಮರೆತ್ರೆ ಮತ್ತೆ ಗುರ್ತ ಹಿಡೀತ ಅದು?"

ಅವನನ್ನು ಒಪ್ಪಿಸಲು ಎರಡು ಲೋಟ ಕಾಫಿ, ಒಂದು ತಟ್ಟೆ ತೊಡೆದೇವು ಖರ್ಚಾಯಿತು. ಕೊನೆಗೆ ಗುಂಡಿ ಒತ್ತಿದೆ. ಟ್ಯಾಬು ಚೆನ್ನಾಗಿ ಮರೆಯಿತು. ಸೇರುವುದು ಮಾತ್ರ ಸೇರಲಿಲ್ಲ. ಮಾವ ಗೆದ್ದವನ ಮುಖ ಮಾಡಿಕೊಂಡು ನನ್ನನ್ನು ನೋಡಿದ. ನನಗೆ ಅಳು ಬರುವುದೊಂದು ಬಾಕಿ!

"ನನ್ನ ಫೋನಲ್ಲೇ ಮಾತಾಡು ಮಾವ" ಎಂದು ಬೇಡಿಕೊಂಡೆ.

"ಅಷ್ಟು ಸಣ್ಣ ಮೊಕಕ್ಕೆ ಆನು ಉತ್ತರ ಕೊಡ್ತ್ನಿಲ್ಲೆ. ಎಂಗೆ ಅವನ ಹುಬ್ಬು ಕಾಣಕ್ಕು."

ಹುಬ್ಬು! ಹುಬ್ಬು ಕಾಣಲೆಂದು ನಾನು ಭಾನುವಾರ ಕಳೆದುಕೊಂಡು ಕೂರಬೇಕೆ? ಸಿಟ್ಟಿನಲ್ಲಿ ಎದ್ದು ಹೋಗಿ ವೈಫೈ ಡಬ್ಬಿಯ ಸ್ವಿಚ್ಚನ್ನೇ ಆರಿಸಿದೆ.

ಆಗ ಬೀದಿಯಿಂದ ದನಿಗಳೆದ್ದವು. "ಹೆಗಡೇರೇ, ಕರೆಂಟ್ ಹೋಯ್ತಾ?" ಎಂದು ಎದುರಿನ ರಿಕ್ಷಾ ಸ್ಟ್ಯಾಂಡಿನಿಂದ. "ನೆಟ್ ಹೋಯ್ತಲ್ರೀ!" ಎಂದು ಮೂಲೆಯ ಟೈಲರ್ ಅಂಗಡಿಯಿಂದ. ಪಕ್ಕದ ಮನೆಯಲ್ಲಿ ಜೋರಾಗಿ ಅಳುತ್ತಿದ್ದ ಧಾರಾವಾಹಿ ಅರ್ಧಕ್ಕೇ ನಿಂತಿತು. ನನಗೆ ಸಂಶಯ ಬಂತು. ಸ್ವಿಚ್ಚು ಹಾಕಿ, ಡಬ್ಬಿಗೆ ಯಾರ್‍ಯಾರು ಅಂಟಿಕೊಂಡಿದ್ದಾರೆಂದು ನನ್ನ ಫೋನಿನಲ್ಲಿ ನೋಡಿದೆ. ಸಾಲು ಸಾಲು ಮೊಬೈಲುಗಳು, ನಡುವೆ ಒಂದು ಟೀವಿ. ಮಾವನ ಮನೆಯಲ್ಲಿ ಟೀವಿಯೇ ಇಲ್ಲ!

ನಮ್ಮ ಕಡೆ ಮೆಟ್ಟಿಲು ಹತ್ತಿ ಬಂದವರಿಗೆ ಮೊದಲು "ಆಸ್ರಿಗೆ ಎಂತ ಬೇಕು?" ಎಂದು ಕೇಳಿ ಬೆಲ್ಲ-ನೀರೋ ಮಜ್ಜಿಗೆಯೋ ಕೊಡದಿದ್ದರೆ ಮರ್ಯಾದೆಯಲ್ಲ. ಮಾವ ಅದರ ಜೊತೆ ಪಾಸ್‌ವರ್ಡನ್ನೂ ಕೊಡುತ್ತಿದ್ದ. ಬಾಯಿಬಿಟ್ಟು ಕೇಳಲು ನಾಚುವವರಿಗೆಂದು ಜಗಲಿಯ ಕಂಬದ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದೂ ಇಟ್ಟಿದ್ದ. ಮಜ್ಜಿಗೆ ಕುಡಿದವರು ಎದ್ದು ಹೋಗುತ್ತಾರೆ. ವೈಫೈ ಕುಡಿದವರು ಯಾಕೆ ಏಳುತ್ತಾರೆ? ಆ ಡಬ್ಬಿಗೋ ಇಷ್ಟೇ ಮಂದಿಗೆ ಎಂಬ ಮಿತಿ. ಅದನ್ನು ಹೆಚ್ಚಿಸಬಲ್ಲ ನೆಟ್ ಕಂಪನಿಯವನು ಭಾನುವಾರ ಫೋನು ಎತ್ತುವುದಿಲ್ಲ. ಹೀಗೆ ಬೀದಿಯವರೆಲ್ಲ ಒಳಗೆ ಕೂತು, ಮನೆಯ ಯಜಮಾನನ ಟ್ಯಾಬು ಬಾಗಿಲಲ್ಲಿ ನಿಂತಿತ್ತು.

ನನ್ನ ಫೋನನ್ನು ಹೊರಗೆ ತೆಗೆದರೆ ಒಂದು ಜಾಗವಾದರೂ ಆದೀತು ಎಂದು ತೆಗೆದೆ. ಟ್ಯಾಬು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಬೀದಿಯಲ್ಲಿ ಹಾದುಹೋಗುತ್ತಿದ್ದ ಹಾಲಿನವನ ಫೋನು ಬಂದು ಕೂತುಬಿಟ್ಟಿತು. ಈಗ ಮಾವನ ಟ್ಯಾಬೂ ಹೊರಗೆ, ನಾನೂ ಹೊರಗೆ!

"ಪಾಸ್‌ವರ್ಡ್ ಬದಲು ಮಾಡ್ತೆ ಮಾವ. ಎಲ್ಲರೂ ಎದ್ದು ಹೋಗ್ತ."

ಮಾವ ನಾನು ಯಾರದೋ ಕುತ್ತಿಗೆ ಹಿಸುಕಲು ಹೊರಟಂತೆ ನೋಡಿದ. "ಪಂಕ್ತಿಯಲ್ಲಿ ಕೂತು ಉಣ್ತಾ ಇದ್ದವನ ಬಾಳೆ ಎಳೀತ್ಯನೆ? ಕರೆದು ಕೂರ್ಸಿದ್ದು ಆನು!"

"ಹಂಗಾದ್ರೆ ಯಲ್ಲಾಪುರದವು ಇವತ್ತೂ ಕಾಯ್ತಾ ಕೂರಕ್ಕಾ?"

ಮೂರು ತಾಲೂಕಿನಲ್ಲಿ ಸೋಲದ ಮಾವ ಎದ್ದು ಹೋಗಿ ಶಾಲು ಹೊದ್ದು ಬಂದು, ಸತ್ತ ಟ್ಯಾಬಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ನಾಲ್ಕು ಗಂಟೆಯಾಗುತ್ತ ಬಂತು. ಅವನ ಮುಖ ನೋಡಲಾಗದೆ ನಾನು ಗೋಡೆ ನೋಡುತ್ತ ಕೂತೆ. ನನ್ನ ಫೋನಿನ ನೆಟ್ಟನ್ನೇ ಟ್ಯಾಬಿಗೆ ಕೊಡೋಣವೆಂದರೆ ಆ ಬೀದಿಯಲ್ಲಿ ಮೊಬೈಲ್ ನೆಟ್ ಹತ್ತುವುದೇ ಇಲ್ಲ. ಇನ್ನು ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಆಗ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಜಗಲಿಗೆ ಹೋದಳು. "ರಫೀಕಣ್ಣಾ, ನಮ್ಮನೆಯವ್ರ ಟ್ಯಾಬಿಗೆ ನಮ್ಮನೆ ವೈಫೈನಲ್ಲೇ ಜಾಗ ಇಲ್ವಂತೆ. ಯಲ್ಲಾಪುರದವ್ರು ಕಾಯ್ತಾ ಇದ್ದಾರೆ" ಎಂದಳು. ಅಷ್ಟೇ.

"ಅಯ್ಯೋ, ಮೊದ್ಲೇ ಹೇಳೋದಲ್ವಾ ಅಮ್ಮಾ!" ಎಂದ ರಿಕ್ಷಾದ ರಫೀಕ. "ಯೇ, ಎಲ್ರೂ ವೈಫೈ ಬಂದ್ ಮಾಡ್ರೋ! ಹೆಗಡೇರ ತಾಳಮದ್ದಲೆ ಶುರು!" ಟೈಲರ್ ಬಂದ್ ಮಾಡಿದ. ಪಕ್ಕದ ಮನೆಯ ಧಾರಾವಾಹಿ ಬಾಯಿ ಮುಚ್ಚಿತು. ಟ್ಯಾಬು ಒಂದು ಸಲ ಮಿನುಗಿ, ಏನೂ ಆಗೇ ಇಲ್ಲವೆಂಬಂತೆ ಸೇರಿಕೊಂಡಿತು. ಅದನ್ನು ಎತ್ತಿ ಕುಕ್ಕುವ ಆಸೆಯನ್ನು ನಾನು ಹೇಗೆ ತಡೆದುಕೊಂಡೆನೋ!

ಪರದೆಯ ತುಂಬ ಯಲ್ಲಾಪುರದ ಮುಖ ಬಂತು. ಅವರೂ ಶಾಲು ಹೊದ್ದು ಕೂತಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು. ಏನೋ ಹೇಳಲು ಹೋದರು. ಸ್ವರ ಬಂತು, ಮಾತು ಬರಲಿಲ್ಲ. ಕಾಯಿಲೆಯೆಂದರೆ ಮಂಡಿನೋವೋ ಏನೋ ಎಂದುಕೊಂಡಿದ್ದೆ. ಲಕ್ವ ಹೊಡೆದು ಮಾತೇ ನಿಂತಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮಾತೇ ಇಲ್ಲದವರ ಜೊತೆ ಎಂಥ ವಾದ?

ಮಾವ ಗಂಟಲು ಸರಿಮಾಡಿಕೊಂಡ. ಗೆಳೆಯರ ಹುಬ್ಬು ಮೇಲೇರುವುದನ್ನೇ ನೋಡುತ್ತ, ಅವರದೇ ದಪ್ಪ ದನಿಯಲ್ಲಿ, ಅವರದೇ ಎಳೆತದಲ್ಲಿ ತನಗೆ ತಾನೇ ಪ್ರಶ್ನೆ ಹಾಕಿದ. ತನ್ನ ದನಿಯಲ್ಲಿ ಉತ್ತರ ಕೊಟ್ಟ. ಗೆಳೆಯರ ದನಿಯಲ್ಲಿ ಆ ಉತ್ತರವನ್ನು ನುಚ್ಚುನೂರು ಮಾಡಿದ. ಕಿಟಕಿಯಲ್ಲಿ ರಫೀಕ, ಟೈಲರ್ ಬಂದು ನಿಂತರು. ಗೆಳೆಯರ ಹುಬ್ಬು ಇನ್ನೊಮ್ಮೆ ಎದ್ದಿತು. ಅವರ ಕಡೆಯಿಂದ, ಮಾವನ ಬಾಯಲ್ಲೇ, ಇನ್ನೊಂದು ಪ್ರಶ್ನೆ ಬಂತು. ಮಾವ ಬಾಯಿ ತೆರೆದ, ಮುಚ್ಚಿದ.

"ಇದಕ್ಕೆ ಎನ್ನ ಹತ್ರ ಉತ್ತರ ಇಲ್ಲೆ ಮಾರಾಯ. ಆನು ಸೋತೆ."

ಗೆಳೆಯರ ಅರ್ಧ ಮುಖ ನಗುತ್ತಿತ್ತು, ಕಣ್ಣು ಎರಡರಲ್ಲೂ ನೀರಿತ್ತು. ನನಗೂ ತಡೆಯಲಾಗಲಿಲ್ಲ. ಮಾವ ಟ್ಯಾಬಿನ ಹತ್ತಿರಕ್ಕೆ ಬಾಗಿ, ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದ:

"ಬಪ್ಪ ಭಾನುವಾರ ಉತ್ತರ ಹುಡ್ಕಿ ತತ್ತೆ. ಅಲ್ಲೀವರೆಗೆ ಇರ್ತ್ಯಲ?"

ಗೆಳೆಯರು ಸರಿಯಿದ್ದ ಕೈಯನ್ನು ನಿಧಾನವಾಗಿ ಎತ್ತಿ, ಇರುತ್ತೇನೆ ಎಂದು ತೋರಿಸಿದರು.