ಲಾವಕ್ಕಿಗೆ ಬ್ಯಾರೆ ಮನಿ

ಕೋಳಿ ಇದ್ದ ಮನ್ಯಾಗ ಆರು ಲಾವಕ್ಕಿ ತಂದು ಸಾಕಿದ್ರ ಜಗಳಿಲ್ಲದ ದಿನಾನ ಇರೂದಿಲ್ಲ. ಇರ್ಲಿ ಬಿಡ್ರಿ, ನಾನೂ ಸುಮ್ಮನಿರೂ ಪೈಕಿ ಅಲ್ಲ. ನಾ ದಾಂಡೇಲ್ಯಾಗ ಮನ್ಯಾಗ ಬಟ್ಟಿ ಹೊಲೀತೇನಿ. ಕೋಳಿ ನಮ್ಮ ಅತ್ತೀವು. ಮುಷ್ಟಿಗಾತ್ರದ ಈ ಹಕ್ಕಿ ಮುಂಡಗೋಡದಿಂದ ನಾ ತಂದದ್ದು.

೧. ಪಂಚಾಯ್ತಿ

ತಂದ ದಿನಾನ ಅತ್ತಿ, "ಹಕ್ಕಿ ಕೂಡ ಹಕ್ಕಿ ಇರ್ಲಿ" ಅಂತ ಅವನ್ನ ಕೋಳಿಗೂಡಿನಾಗ ಬಿಟ್ರು. ಹುಂಜ ಒಂದರ ನೆತ್ತಿ ಕುಕ್ಕಿ ರಕ್ತ ತಗೀತು. ನಾ ಆರನ್ನೂ ಉಡಿಯಾಗ ಹಾಕ್ಕೊಂಡು ಅಂಗಳದಾಗ ನಿಂತು ಒದರಿದೆ: "ಒಂದ ಸೂರಿನಾಗ ಇನ್ನ ಸಾಧ್ಯಿಲ್ಲ! ಬ್ಯಾರೆ ಮನಿ ಆಗಬೇಕು!"

ಸಂಜೀಕ ಗಂಡ ಮಿಲ್ಲಿಂದ ಬರೂದ್ರೊಳಗ ಓಣಿ ಹಿರ್ಯಾರು ಮೂರು ಮಂದಿ ಕಟ್ಟಿ ಮ್ಯಾಲ ಕುಂತಿದ್ರು. "ಅತ್ತಿ-ಸೊಸಿ ಅಂದ ಮ್ಯಾಲ ಮಾತು ಬರ್ತೈತಿ, ಹೋಗ್ತೈತಿ. ಮನಿ ಒಡೀಬ್ಯಾಡವಾ."

"ಹಿಂದ ಸರಿಯಾಕಿ ಅಲ್ರಿ ನಾ. ಮೂರು ಫೂಟ್ ಉದ್ದ, ಎರಡು ಫೂಟ್ ಅಗಲದ ಮನಿ ಬೇಕಂದ್ರ ಬೇಕು."

ಹಿರ್ಯಾರೊಬ್ಬರು ಗಾಬರಿ ಆದ್ರು. "ಅಷ್ಟರಾಗ ನಿನ್ನ ಗಂಡ ಹೆಂಗ ಮಲಗತಾನವಾ?"

೨. ಲೈನಿಂಗ್

ತವರಿನ ಅಲಮಾರಿ ಖಾಲಿ ಮಾಡಿ, ಬಾಗಲಕ್ಕ ಜಾಳಿ ಬಡದೆ. ಲಾವಕ್ಕಿ ಬೆಚ್ಚಿದ್ರ ನೆಟ್ಟಗ ಮ್ಯಾಲ ಹಾರಿ ತಲಿ ಹೊಡಕೋತಾವು. ಅದಕ್ಕ ಒಳಗ ಮ್ಯಾಲ ಸ್ಪಂಜ್ ಇಟ್ಟು ಅರಿವಿ ಹೊಲಿಯಾಕತ್ತಿದ್ದೆ. ಹಳಿಯಾಳದಿಂದ ಬರೂ ಗಿರಾಕಿ, ಟೀಚರ್ ಒಬ್ರು, ಬಂದು ನೋಡಿದ್ರು.

"ನನ್ನ ಜಂಪರಕ್ಕ ಇನ್ನೂ ಕತ್ತರಿ ಬಿದ್ದಿಲ್ಲ, ಹಕ್ಕಿಗೂಡಿಗೆ ಲೈನಿಂಗ್ ಏನು?"

"ಬಾಯಾರ, ಜಂಪರ್ ತಡ ಆದ್ರ ನಿಮ್ಮ ತಲಿ ಒಡೀತೈತೇನ್ರಿ?"

"ನಂದಲ್ಲ. ನಿಂದು ಒಡೀತೈತಿ."

ಜಂಪರ್ ಸಂಜೀಕ ಮುಟ್ಟಿಸಿದೆ. ಲೈನಿಂಗ್ ಮಾತ್ರ ಬಿಚ್ಚಲಿಲ್ಲ.

೩. ಸಾಬಾನು

ದನದ ಡಾಕ್ಟರ್ ಹೇಳಿದ್ರು: "ಕೋಳಿ ರೋಗ ಇವಕ್ಕ ಬಡೀತೈತಿ. ಕೋಳಿ ಮುಟ್ಟಿದ ಕೈಲೆ ಮುಟ್ಟಬ್ಯಾಡ್ರಿ." ನಾ ಲಾವಕ್ಕಿ ಗೂಡಿನ ಬಾಗಲದಾಗ ಸಾಬಾನು ಇಟ್ಟೆ.

ಅತ್ತಿ ಕೆಂಡ ಆದ್ರು. "ಇದ ಕೈಲೆ ರೊಟ್ಟಿ ಬಡದೀನಿ. ಅದನ್ನ ತಿಂದ ನಿನ್ನ ಗಂಡ ಬೆಳದಾನ!"

"ಅವರನ್ನ ನೋಡೇ ಸಾಬಾನು ಇಟ್ಟೇನ್ರಿ ಅತ್ತಿ."

೪. ಹೊಸ ಥರದ ಕೋಳಿ

ಮಳಿಗಾಲ ಮುಗಿಯೂ ಹೊತ್ತಿಗೆ ಕೋಳಿ ಪುಕ್ಕ ಉದುರಿಸಿ ತತ್ತಿ ಬಂದ್ ಮಾಡಿದ್ವು. "ನಿನ್ನ ಹಕ್ಕಿ ದೃಷ್ಟಿ! ಇನ್ನ ಅವುಗಳ ಹೆಸರ ಎತ್ತಬ್ಯಾಡ" ಅಂದ್ರು ಅತ್ತಿ. ಆಗ ರಾಮನಗರದಿಂದ ಅವರ ತಂಗಿ ತತ್ತಿ ಸಾರಿನ ಆಸೀಲೆ ಬಂದ್ರು. ಅತ್ತಿ ನನ್ನ ಬುಟ್ಯಾಗಿನ ಲಾವಕ್ಕಿ ತತ್ತಿ ಕುದಿಸಿ, ಸುಲಿದು, ಸಾರಿಗೆ ಹಾಕಿದ್ರು.

"ಅಕ್ಕಾ, ತತ್ತಿ ಇಷ್ಟ ಸಣ್ಣವು! ಆದ್ರ ರುಚಿ ಭಾಳ ಐತಿ!"

ಹಟದಾಗ ಅತ್ತಿ ನನಗಿಂತ ಕಡಿಮಿ ಅಲ್ಲ. "ನಮ್ಮ ಕೋಳಿ ಹೊಸ ಥರದ್ದು," ಅಂದ್ರು.

"ಹಂಗಾರ ನನಗೊಂದು ಕೊಡವಾ."

ಅತ್ತಿ ನನ್ನ ಮಾರಿ ನೋಡಿದ್ರು. ಹೆಸರ ಎತ್ತಬಾರದಲ್ಲ, ನಾ ಸಾರು ಸುರೀತ ಕುಂತೆ. ಕೆಂಪು ಕೋಳಿ ರಾಮನಗರದ ಬಸ್ ಹತ್ತಿತು.

ತಿಂಗಳದ ಮ್ಯಾಲ ಫೋನ್ ಬಂತು. "ಅಕ್ಕಾ, ನೀ ಕೊಟ್ಟ ಕೋಳಿಗೆ ಏನೋ ಆಗೇತಿ. ದೊಡ್ಡ ದೊಡ್ಡ ತತ್ತಿ ಹಾಕಾಕತ್ತೈತಿ! ಡಾಕ್ಟರಿಗೆ ತೋರಸ್ಲೇನು?"

ಅತ್ತಿ ಕಣ್ಣು ಸೈತ ಪಿಳುಕಿಸಲಿಲ್ಲ. "ಅಲ್ಲಿ ನೀರು ಒಗ್ಗಿಲ್ಲವಾ ಅದಕ್ಕ. ನಾಕು ದಿನ ತಡಿ, ಸಣ್ಣವು ಹಾಕ್ತೈತಿ."