ಅಮ್ಮನ ಕತ್ತರಿ, ನನ್ನ ನಲವತ್ತು ಶಬ್ದ

ಜೂನ್ ಹದಿನಾಲ್ಕು, ಭಾನುವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕುಳಿತಿದ್ದೇನೆ. ಎಲ್ಲವನ್ನೂ ಬರೆದಿಡುವವರಿಗೆ ಒಂದು ಭ್ರಮೆ ಇರುತ್ತದೆ: ಪುಸ್ತಕದಲ್ಲಿ ಇದ್ದದ್ದೆಲ್ಲ ತಲೆಯಲ್ಲೂ ಇದೆ ಎಂದು. ನಾನು ಹಲ್ಲುಜ್ಜುವ ಬ್ರಶ್ ಬದಲಿಸಿದ ದಿನವನ್ನೂ ಬರೆದಿಡುವವಳು. ಹಾಗಿದ್ದೂ ಬಂಟ್ವಾಳದಲ್ಲಿ ಎರಡು, ಬೆಳ್ತಂಗಡಿಯಲ್ಲಿ ಒಂದು, ಒಟ್ಟು ಮೂರು ಸಂದರ್ಶನಗಳಲ್ಲಿ ಇಂಗ್ಲಿಷ್ ಪ್ರಶ್ನೆ ಬಂದ ಕೂಡಲೇ ಮೂಕಿಯಾದೆ. ಬೆಳ್ತಂಗಡಿಯವರು ಪಾಪ, ಕುಡಿಯಲು ನೀರು ಕೊಟ್ಟರು. ಅದನ್ನೂ ಬರೆದುಕೊಂಡೆ: ಒಂದು ಲೋಟ, ತಣ್ಣಗಿತ್ತು.

ನಾಲ್ಕನೆಯ ಕರೆ ಮೂಡಬಿದ್ರಿಯ ಒಂದು ಟ್ರಾವೆಲ್ಸ್ ಕಚೇರಿಯಿಂದ ಬಂತು. ಬಸದಿ ನೋಡಲು ದೂರದೂರದಿಂದ ಬರುವವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವ ಕೆಲಸ. ನನಗೆ ಅದು ಬೇಕೇ ಬೇಕಿತ್ತು. ಹೊಸ ನೋಟ್‌ಬುಕ್ ತೆಗೆದು ಎಡಪುಟಕ್ಕೆ ‘ವಿರೋಧ’, ಬಲಪುಟಕ್ಕೆ ‘ಅವಕಾಶ’ ಎಂದು ತಲೆಬರಹ ಕೊಟ್ಟೆ. ಎಡಕ್ಕೆ ಇಪ್ಪತ್ತು ಶಬ್ದ: ಅಪೋನೆಂಟ್ ಎಂದರೆ ಎದುರಾಳಿ, ಅಬ್‌ಸ್ಟಕಲ್ ಎಂದರೆ ಅಡ್ಡಿ, ಹಾಸ್ಟೈಲ್ ಎಂದರೆ ಹಗೆ ಸಾಧಿಸುವ. ಬಲಕ್ಕೆ ಇಪ್ಪತ್ತು: ಆಪರ್ಚುನಿಟಿ ಎಂದರೆ ಒದಗಿ ಬಂದ ಅವಕಾಶ, ಪ್ರಾಸ್ಪೆಕ್ಟ್ ಎಂದರೆ ಮುಂದೆ ಒಳ್ಳೆಯದಾದೀತೆಂಬ ನಿರೀಕ್ಷೆ. ಇಂಗ್ಲಿಷಿನಲ್ಲಿ ಅರ್ಥಕ್ಕಿಂತ ಉಚ್ಚಾರಣೆ ಕಷ್ಟ. ನಾವು ಎಲ್ಲ ಅಕ್ಷರಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಸಮನಾಗಿ ಬಡಿಸುತ್ತೇವೆ. ಅಲ್ಲಿ ಹಾಗಲ್ಲ, ಒಂದಕ್ಕೆ ಮಾತ್ರ ಒತ್ತು. ಅಪೋನೆಂಟಿನಲ್ಲಿ ‘ಪೋ’ಗೆ, ಅಬ್‌ಸ್ಟಕಲಿನಲ್ಲಿ ಮೊದಲಿಗೇ, ಆಪರ್ಚುನಿಟಿಯಲ್ಲಿ ‘ಚು’ಗೆ.

ಪಾಣೆಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಬೀಡಿ ಕಟ್ಟುತ್ತಾರೆ. ಮೊರವನ್ನು ಮಡಿಲಲ್ಲಿಟ್ಟುಕೊಂಡು, ಒದ್ದೆ ಎಲೆಯ ಮೇಲೆ ಅಚ್ಚು ಇಟ್ಟು, ಕಚ್ ಕಚ್ ಎಂದು ಕತ್ತರಿಸುತ್ತಾರೆ. ನಾನು ಪಕ್ಕದಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದೆ. ಕಚ್ ಎಂದಲ್ಲಿ ನನ್ನ ಒತ್ತು ತಾನಾಗಿ ಬೀಳುತ್ತಿತ್ತು.

“ಎಂತ ಮಗಾ, ಇಷ್ಟೊಂದು ಜಗಳದ ಶಬ್ದ ಯಾಕೆ? ನಿನ್ನನ್ನು ಕರೆದದ್ದು ಕೆಲಸಕ್ಕಾ, ಪಂಚಾಯತಿಗಾ?” ಎಂದರು ಅಮ್ಮ.

“ಬಲಪುಟದಲ್ಲಿ ಒಳ್ಳೆಯದು ಉಂಟಮ್ಮ.”

“ಹಾಗಾದ್ರೆ ಅದನ್ನೇ ಮೊದಲು ಹೇಳ್ಬಾರ್ದಾ ಮಾರಾಯ್ತಿ!”

ದಿನವೂ ನನಗೆ ನಾನೇ ಪರೀಕ್ಷೆ ಇಟ್ಟು ಅಂಕ ಬರೆಯುತ್ತಿದ್ದೆ. ಹನ್ನೆರಡನೆಯ ದಿನ ಪಟ್ಟಿಯನ್ನು ಮೊದಲಿನಿಂದ ಓದಿದೆ. ಅಮ್ಮ ಜಗಲಿಯಲ್ಲಿದ್ದ ದಿನ ನಲವತ್ತರಲ್ಲಿ ಮೂವತ್ತೆಂಟು. ಕಟ್ಟಿದ ಬೀಡಿ ಕೊಡಲು ಅಮ್ಮ ಬೀಡಿ ಕಂಪೆನಿಯ ಬ್ರಾಂಚಿಗೆ ಹೋದ ದಿನ ಬರೀ ಆರು. ನಾನು ಕಲಿತದ್ದೆಲ್ಲ ನನ್ನ ತಲೆಯಲ್ಲಿ ಇರಲಿಲ್ಲ, ಅಮ್ಮನ ಕತ್ತರಿಯಲ್ಲಿ ಇತ್ತು! ಸಂದರ್ಶನಕ್ಕೆ ಉಳಿದದ್ದು ಒಂದೇ ದಿನ.

ಅಮ್ಮನಿಗೆ ಪಟ್ಟಿ ತೋರಿಸಿದೆ. ಅವರು ನಗಲಿಲ್ಲ. “ಅಷ್ಟೇ ಅಲ್ವಾ? ನಾನೂ ಬರ್ತೇನೆ. ಎಲೆ ಎಲ್ಲಿ ಕೂತು ಕತ್ತರಿಸಿದರೂ ಎಲೆಯೇ” ಎಂದರು.

ಹಾಗೆ ಮೂಡಬಿದ್ರಿಗೆ ಹೋಗುವ ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಸರ್ಟಿಫಿಕೇಟು, ಅಮ್ಮನ ಮಡಿಲಲ್ಲಿ ಮೊರ. ಕಚೇರಿಯ ಹೊರಗಿನ ಬೆಂಚಿನಲ್ಲಿ ಅಮ್ಮ ಕೂತರು. ನಾನು ಬಾಗಿಲನ್ನು ಬೇಕೆಂದೇ ಅರ್ಧ ತೆರೆದಿಟ್ಟು ಒಳಗೆ ಹೋದೆ. ಈ ಕೆಲಸ ನಿಮಗೆ ಯಾಕೆ ಬೇಕು ಎಂದು ಮ್ಯಾನೇಜರು ಇಂಗ್ಲಿಷಿನಲ್ಲಿ ಕೇಳಿದರು. ಹೊರಗೆ ಕಚ್ ಎಂದಿತು. ನನ್ನ ಬಾಯಿ ತೆರೆಯಿತು! ಇದು ನನಗೊಂದು ಆಪರ್ಚುನಿಟಿ ಎಂದೆ. ‘ಚು’ ಸರಿಯಾದ ಜಾಗದಲ್ಲೇ ಬಿತ್ತು. ಮೂರು ಸಂದರ್ಶನಗಳಲ್ಲಿ ಆಡದ ಮಾತೆಲ್ಲ ಸಾಲುಗಟ್ಟಿ ಬಂತು. ಅಬ್‌ಸ್ಟಕಲ್ ಎಷ್ಟಿದ್ದರೂ ಎದುರಿಸುತ್ತೇನೆ ಎನ್ನಲು ಹೊರಟವಳು ನಡುವೆ ಗಕ್ಕನೆ ನಿಂತೆ. ಹೊರಗೆ ಕತ್ತರಿ ನಿಂತಿತ್ತು.

ಮ್ಯಾನೇಜರು ಕಾದರು. ನಾನು ಬಾಗಿಲು ನೋಡಿದೆ. ಅಮ್ಮನ ದನಿ ಬಂತು: “ಒಂದು ನಿಮಿಷ ಸಾರ್, ಎಲೆ ಮುಗೀತು. ಇನ್ನೊಂದು ಕಟ್ಟು ಬಿಚ್ತೇನೆ.”

ಮ್ಯಾನೇಜರು ಎದ್ದು ಹೊರಗೆ ಹೋದರು. ನನ್ನ ಕಥೆ ಮುಗಿಯಿತೆಂದುಕೊಂಡೆ. “ಎಂತಮ್ಮಾ ಇದು?” ಎಂದು ಕೇಳಿದ್ದು ಕೇಳಿಸಿತು. ಅಮ್ಮ ಎಲ್ಲವನ್ನೂ ಹೇಳಿಬಿಟ್ಟರು. ಹನ್ನೆರಡು ದಿನದ ಅಂಕಗಳನ್ನೂ ಬಿಡಲಿಲ್ಲ. ಕೊನೆಗೆ, “ಸಣ್ಣ ಅಬ್‌ಸ್ಟಕಲ್ ಸಾರ್. ನಿಮ್ಮಲ್ಲಿ ಪ್ರಾಸ್ಪೆಕ್ಟ್ ಉಂಟಾ?” ಎಂದರು. ಒತ್ತು ಎರಡರಲ್ಲೂ ಕರಾರುವಾಕ್ಕಾಗಿತ್ತು.

ಮ್ಯಾನೇಜರು ನಗುತ್ತಾ ಒಳಗೆ ಬಂದರು. “ನಿಮ್ಮಿಬ್ಬರಲ್ಲಿ ಅರ್ಜಿ ಹಾಕಿದ್ದು ಯಾರು?”

“ನಾನು ಸಾರ್.”

“ಸೋಮವಾರದಿಂದ ಬನ್ನಿ. ತಪ್ಪು ಎಲ್ಲಿ ಅಂತ ಹನ್ನೆರಡು ದಿನ ಲೆಕ್ಕ ಇಟ್ಟು ಹುಡುಕುವವರು ನಮಗೆ ಬೇಕು. ಬಾಗಿಲು ಮಾತ್ರ ಹಾಕಿಕೊಳ್ಳಿ, ಏಸಿ ಉಂಟು.”

ನಾಲ್ಕರಲ್ಲಿ ಒಂದು ಗೆಲುವು. ದಿನಚರಿಯ ಆ ಪುಟಕ್ಕೆ ಕೆಂಪು ಶಾಯಿಯಲ್ಲಿ ಚೌಕಟ್ಟು ಹಾಕಿದ್ದೇನೆ. ಈಗ ಕೆಲಸಕ್ಕೆ ಸೇರಿ ಆರು ದಿನ. ಕತ್ತರಿಯ ಸದ್ದನ್ನು ಮೊಬೈಲಿನಲ್ಲಿ ತುಂಬಿಕೊಂಡು ಮೇಜಿನ ಡ್ರಾಯರಿನಲ್ಲಿ ಮೆಲ್ಲಗೆ ಕೇಳುವಂತೆ ಹಾಕಿಟ್ಟಿರುತ್ತೇನೆ. ನಿನ್ನೆ ಇಬ್ಬರಿಗೂ ಒಟ್ಟಿಗೆ ಪರೀಕ್ಷೆ ಇಟ್ಟೆ: ನನಗೆ ಮೂವತ್ತೆಂಟು, ಅಮ್ಮನಿಗೆ ನಲವತ್ತು.

ಕತ್ತರಿಯಿಲ್ಲದೆ ಇಂಗ್ಲಿಷ್ ಮಾತಾಡುವ ಉಪಾಯ ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ವಿರೋಧಕ್ಕೂ ಅವಕಾಶಕ್ಕೂ ಇನ್ನಷ್ಟು ಶಬ್ದ ಗೊತ್ತಿದ್ದರೆ ಒತ್ತು ಎಲ್ಲಿ ಎಂದು ಗುರುತು ಹಾಕಿ ಕಳಿಸಿ. ಆದರೆ ಅವನ್ನು ಅಮ್ಮನ ಹೆಸರಿಗೇ ಕಳಿಸುವುದು ಒಳ್ಳೆಯದು.