ಉಡಿದಾರಕ್ಕೊಂದು ದಾಖಲೆ

‘ದಾಖಲೆ ಎಲ್ಲಿ?’ ಎಂಬ ಎರಡೇ ಮಾತಿನ ಬಲದಿಂದ ಇಪ್ಪತ್ತೇಳು ವರ್ಷ ಸರ್ಕಾರಿ ಸೇವೆ ಮಾಡಿದವರು ನಮ್ಮ ಸೋಮಶೇಖರರು. ದೆಹಲಿಯ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರು. ಅವರ ಮೇಜಿನ ಮುಂದೆ ನಿಂತು ಬೆವರದೆ ಹೋದ ಅರ್ಜಿದಾರನಿಲ್ಲ. ಇಂಥ ಘನ ಅಧಿಕಾರಿಯ ಮಾತಿಗೆ ದ್ವಾರಕಾ ಬಡಾವಣೆಯ ಸ್ವಂತ ಫ್ಲ್ಯಾಟಿನಲ್ಲಿ ಮಾತ್ರ ಮೂರು ಕಾಸಿನ ಬೆಲೆ ಇರಲಿಲ್ಲ. (ಅಲ್ಲಿ ದಾಖಲೆ ಕೇಳುವ ಅಧಿಕಾರ ಪತ್ನಿ ಇಂದಿರಾ ಅವರದು. ಹಾಲು ತರಲು ಹೋದವರಿಗೆ ಒಂದು ಗಂಟೆ ಏಕಾಯಿತು ಎಂಬುದಕ್ಕೂ ಸಾಕ್ಷಿ ಸಮೇತ ಉತ್ತರ ಕೊಡಬೇಕು.)

2006ರ ನವೆಂಬರಿನಲ್ಲಿ ಇಂದಿರಾ ಅವರ ತಂಗಿಯ ಮಗಳ ಮದುವೆ ಮಸ್ಕತ್ತಿನಲ್ಲಿ ನಿಶ್ಚಯವಾದಾಗ, ಸೋಮಶೇಖರರಿಗೆ ಕಳೆದುಹೋದ ಅಧಿಕಾರವನ್ನು ಮರಳಿ ಪಡೆಯುವ ಸುಸಂದರ್ಭ ಒದಗಿತು.

“ಅಮ್ಮನ ಅವಲಕ್ಕಿ ಸರ, ಬಳೆ, ಬೆಳ್ಳಿ ಡಾಬು, ಎಲ್ಲಾ ಹಾಕ್ಕೊಂಡೇ ಧಾರೆಗೆ ನಿಲ್ಲೋದು ನಾನು” ಎಂದರು ಇಂದಿರಾ.

“ಧಾರಾಳವಾಗಿ ನಿಂತ್ಕೋ. ವಾಪಸ್ ಬರುವಾಗ ಕಸ್ಟಮ್ಸಿನವರು ನಿಲ್ಲಿಸ್ಕೋತಾರೆ. ಇದನ್ನೆಲ್ಲ ಮಸ್ಕತ್ತಲ್ಲಿ ಕೊಂಡಿದ್ದಲ್ಲ ಅನ್ನೋದಕ್ಕೆ ದಾಖಲೆ ಎಲ್ಲಿ?”

“ಅಮ್ಮ ಬಿಟ್ಟುಹೋದ ಸರಕ್ಕೆ ರಸೀದಿ ಇರುತ್ತೇನ್ರೀ?”

“ಸರ್ಕಾರಕ್ಕೆ ನಿಮ್ಮಮ್ಮನ ಪರಿಚಯ ಇಲ್ವಲ್ಲ. ಎಲ್ಲಾ ಬ್ಯಾಂಕ್ ಲಾಕರಿನಲ್ಲಿರಲಿ. ನನ್ನ ನೋಡು, ಬರಿಗೈಲಿ ಹೋಗ್ತೀನಿ, ಬರಿಗೈಲಿ ಬರ್ತೀನಿ.”

ಇಂದಿರಾ ಅವರ ಕಣ್ಣು ತುಂಬಿತು. ಅಷ್ಟರಲ್ಲಿ ಕಾಲೇಜಿಗೆ ಹೋಗುವ ಮಗಳು ಹರ್ಷಿಣಿ ಕಂಪ್ಯೂಟರ್ ಮುಂದಿನಿಂದಲೇ ಕೂಗಿದಳು. “ಅಪ್ಪಾ, ರೂಲ್ ಇದೆ ನಾ! ಹೋಗೋವಾಗಲೇ ಏರ್‌ಪೋರ್ಟ್‌ನಲ್ಲಿ ಕಸ್ಟಮ್ಸ್‌ಗೆ ತೋರಿಸಿದ್ರೆ ಸರ್ಟಿಫಿಕೇಟ್ ಬರೆದು ಕೊಡ್ತಾರೆ. ವಾಪಸ್ ಬಂದಾಗ ಅದನ್ನ ದಿಖಾ ದೋ, ಬಸ್. ಆಪ್‌ಕೋ ನಹೀ ಪತಾ?”

ಗೊತ್ತಿರಲಿಲ್ಲ. ನಿಯಮಗಳನ್ನೇ ಉಂಡು ನಿಯಮಗಳನ್ನೇ ಹೊದ್ದು ಮಲಗುವ ಮನುಷ್ಯನಿಗೆ ಹತ್ತೊಂಬತ್ತರ ಹುಡುಗಿ ನಿಯಮ ಹೇಳಿಕೊಟ್ಟಿದ್ದಳು. ಸೋಮಶೇಖರರು ಆ ರಾತ್ರಿ ಚಪಾತಿ ಎರಡೇ ತಿಂದರು.

ಇಂದಿರಾ ಅಷ್ಟಕ್ಕೇ ಬಿಡಲಿಲ್ಲ. ಸರ್ಟಿಫಿಕೇಟಿಗೆ ಬೆಂಬಲವಾಗಿರಲೆಂದು ಅಟ್ಟದ ಮೇಲಿದ್ದ ಮದುವೆಯ ಆಲ್ಬಮ್ ಇಳಿಸಿದರು. ಅದರ ಪುಟಪುಟದಲ್ಲೂ ಸರ ಹಾಕಿಕೊಂಡ ಮದುಮಗಳಿದ್ದಳು. ಸೋಮಶೇಖರರು ಹೌಹಾರಿದರು. ಆಲ್ಬಮ್ ಮೂರು ಕಿಲೋ ತೂಗುತ್ತಿತ್ತು ಎಂಬುದು ಅವರು ಬಾಯಲ್ಲಿ ಹೇಳಿದ ಕಾರಣ. ಹೇಳದ ಕಾರಣ ಕೊನೆಯ ಪುಟದಲ್ಲಿತ್ತು. ಮದುವೆಯ ದಿನ ಬೆಳಗ್ಗೆ ಅರಿಶಿನದ ನೀರು ಹಾಕಿಸಿಕೊಳ್ಳುತ್ತ, ಮಂಡಿಯ ಮೇಲೇರಿದ ಒದ್ದೆ ತುಂಡುಪಂಚೆಯಲ್ಲಿ, ಬರಿಮೈಯಲ್ಲಿ ಗಡಗಡ ನಡುಗುತ್ತಿದ್ದ ನುಗ್ಗೆಕಾಯಿಯಂಥ ವರನನ್ನು ಅವರ ತಮ್ಮ ಸುರೇಶ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದ. ಆ ಫೋಟೋಗೆ ಹೆದರಿಯೇ ಅವರು ಆಲ್ಬಮ್ಮನ್ನು ಅಟ್ಟಕ್ಕೇರಿಸಿದ್ದು. ಈಗ ಅದಕ್ಕೆ ಜಾಗ ಮಾಡಲು ಅವರ ಹೊಸ ಬೂಟುಗಳೇ ಚೀಲದಿಂದ ಹೊರಬಿದ್ದವು.

ಮೂವರೂ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ಒಂದೊಂದೇ ಒಡವೆ ನೋಡಿ, ತೂಗಿ, ಬರೆದುಕೊಂಡರು. ಆಲ್ಬಮ್ ಬೇಕಾಗಿಲ್ಲ ಮೇಡಂ ಎಂದು ನಕ್ಕರು. ಸರ್ಟಿಫಿಕೇಟಿಗೆ ಮುದ್ರೆ ಬೀಳುವ ಮುಂಚೆ ಇಂದಿರಾ ಗಂಡನ ಕಿವಿಯಲ್ಲಿ ಉಸುರಿದರು.

“ರೀ, ನಿಮ್ಮ ಉಡಿದಾರಾನೂ ಬರೆಸಿಬಿಡಿ. ಅದೂ ಬೆಳ್ಳೀನೇ ತಾನೇ?”

ಸೋಮಶೇಖರರ ಸೊಂಟದಲ್ಲಿ ಅವರ ತಾಯಿ ಹಾಕಿಸಿದ್ದ, ಕಿರುಬೆರಳ ಗಾತ್ರದ ಬೆಳ್ಳಿಯ ಉಡಿದಾರವಿತ್ತು. ಹಾಕಿದಾಗ ಅದು ಸೊಂಟದಿಂದ ಜಾರುತ್ತಿತ್ತಂತೆ. ಆಮೇಲೆ ದೆಹಲಿಯ ಪರಾಠಾಗಳ ದಯೆಯಿಂದ ಹೊಟ್ಟೆ ಬೆಳೆದು, ಅದರ ಹೂವಿನ ಕೊಂಡಿ ಯಾವುದೋ ಮಡಿಕೆಯಲ್ಲಿ ಭೂಗತವಾಗಿತ್ತು. ಬಿಚ್ಚುವ ಮಾತಿರಲಿ, ಈಗ ಸೋಪು ಹಚ್ಚುವುದೂ ಅಂದಾಜಿನ ಮೇಲೆ.

“ಗೆಜೆಟೆಡ್ ಆಫೀಸರ್ ನಾನು! ನಾಲ್ಕು ಜನರ ಮುಂದೆ ಅಂಗಿ ಎತ್ತಿ ನಿಲ್ಲಲಾ? ನನ್ನ ಸೊಂಟದ ವಿಷಯ ಸರ್ಕಾರಕ್ಕೆ ಸಂಬಂಧಪಟ್ಟದ್ದಲ್ಲ” ಎಂದು ಅವರು ಪಿಸುಗುಟ್ಟುತ್ತಲೇ ಗುಡುಗಿದರು.

ಮುಂದೆ ತಪಾಸಣೆಯ ಬಾಗಿಲು ಕಿರುಚಿದ್ದು ನಿಜ. ಆದರೆ ಪರದೆಯ ಹಿಂದೆ “ಮಾ ನೇ ಪೆಹನಾಯಾ” (ತಾಯಿ ತೊಡಿಸಿದ್ದು) ಎಂದೊಡನೆ ಭದ್ರತಾ ಜವಾನ ಮೃದುವಾಗಿ ಬಿಟ್ಟುಬಿಟ್ಟ. ಸೋಮಶೇಖರರಿಗೆ ಧೈರ್ಯ ಬಂತು.

ಮಸ್ಕತ್ತಿನ ಮದುವೆಯಲ್ಲಿ ಅವಲಕ್ಕಿ ಸರ ಹಾಕಿಕೊಂಡು ನಿಂತ ಇಂದಿರಾ ಥೇಟ್ ತಮ್ಮ ತಾಯಿಯ ಹಾಗೆಯೇ ಕಂಡರು. ತಂಗಿ ಆ ಸರವನ್ನು ಮುಟ್ಟಿ ಮುಟ್ಟಿ ಅತ್ತಳು. ಇದನ್ನು ಲಾಕರಿನಲ್ಲಿಡು ಎಂದಿದ್ದೆನಲ್ಲ ಎಂದು ಸೋಮಶೇಖರರಿಗೆ ನಾಚಿಕೆಯಾಯಿತು. ಹಾಗೆಂದು ಹೇಳಲು ಬಾಯಿ ತೆರೆದವರು “ಭಾರ ಆಗ್ತಿಲ್ವಾ?” ಎಂದಷ್ಟೇ ಕೇಳಿ ಊಟಕ್ಕೆ ಹೋದರು.

ವಾಪಸ್ ದೆಹಲಿ. ಇಂದಿರಾ ಸರ್ಟಿಫಿಕೇಟ್ ತೋರಿಸಿ, ಒಡವೆ ತೋರಿಸಿ, ಎರಡೇ ನಿಮಿಷದಲ್ಲಿ ಹೊರಬಿದ್ದರು. ಹಿಂದೆಯೇ ರಾಜಗಾಂಭೀರ್ಯದಿಂದ ನಡೆದುಬಂದ ಸೋಮಶೇಖರರನ್ನು ಕಂಡು ಬಾಗಿಲು ಊರಿಗೆಲ್ಲ ಕೇಳುವಂತೆ ಕಿರುಚಿತು. ಪೆನ್ನು ತೆಗೆದರು, ಕಿರುಚಿತು. ಬೆಲ್ಟ್ ತೆಗೆದರು, ಕಿರುಚಿತು. ಕೊನೆಗೆ ಅಂಗಿ ಎತ್ತಬೇಕಾಯಿತು.

“ಘೋಷಿಸೋದು ಏನೂ ಇಲ್ಲ ಅಂದ್ರಲ್ಲ? ಬಟ್ಟೆಯೊಳಗೆ ಬೆಳ್ಳಿ ಇಟ್ಕೊಂಡು ಬಂದಿದ್ದೀರಿ” ಎಂದರು ಹಿಂದಿಯಲ್ಲಿ ಅಧಿಕಾರಿ. “ಬಿಚ್ಚಿ, ತೂಗಬೇಕು.”

“ಬಿಚ್ಚೋಕೆ ಬರಲ್ಲ ಸಾಹೇಬ್. ತುಂಬಾ ಹಳೇದು. ತಾಯಿ ಹಾಕಿದ್ದು.”

“ಅಚ್ಛಾ? ಇಲ್ಲಿಂದಲೇ ಹಾಕ್ಕೊಂಡು ಹೋಗಿದ್ದು ಅನ್ನೋದಕ್ಕೆ ದಾಖಲೆ ಎಲ್ಲಿ?”

ಇಪ್ಪತ್ತೇಳು ವರ್ಷದಲ್ಲಿ ಈ ಪ್ರಶ್ನೆ ಇಷ್ಟು ಕ್ರೂರವಾದದ್ದೆಂದು ಸೋಮಶೇಖರರಿಗೆ ಹೊಳೆದೇ ಇರಲಿಲ್ಲ. ಕೇಸು, ಅಮಾನತು, ನಿಂತ ಪಿಂಚಣಿ, ಕಚೇರಿಯ ಕ್ಯಾಂಟೀನಿನಲ್ಲಿ ನಗುವ ಗುಮಾಸ್ತರು, ಎಲ್ಲ ಕಣ್ಣಮುಂದೆ ಬಂದವು. “ಇಂದಿರಾ!” ಎಂದು ಸಣ್ಣ ಮಗುವಿನ ಹಾಗೆ ಕೂಗಿಕೊಂಡರು.

ಇಂದಿರಾ ಬಂದರು. ಗಂಡನನ್ನು ನೋಡಿದರು. ಚೀಲದಿಂದ ಆಲ್ಬಮ್ ತೆಗೆದು, ನೇರ ಕೊನೆಯ ಪುಟ ಬಿಡಿಸಿ ಮೇಜಿನ ಮೇಲಿಟ್ಟರು.

ಒದ್ದೆ ಪಂಚೆಯ ಮೇಲೆ ಉಡಿದಾರ ಫಳಫಳ ಹೊಳೆಯುತ್ತಿತ್ತು. ಅಧಿಕಾರಿ ಬಗ್ಗಿ ನೋಡಿದರು. ಪಕ್ಕದ ಕೌಂಟರಿನವರನ್ನು ಕರೆದರು. ಅವರು ಇನ್ನಿಬ್ಬರನ್ನು ಕರೆದರು. ಟ್ರಾಲಿ ತಳ್ಳಿಕೊಂಡು ಬಂದ ಪ್ರಯಾಣಿಕರೂ ಇಣುಕಿದರು. ನಾಲ್ಕು ಜನರ ಮುಂದೆ ಅಂಗಿ ಎತ್ತಲೊಲ್ಲೆ ಎಂದವರು ಈಗ ನಲವತ್ತು ಜನರ ಮುಂದೆ ಅಂಗಿ ಎತ್ತಿಕೊಂಡೇ ನಿಂತಿದ್ದರು. ಅಧಿಕಾರಿ ಫೋಟೋದ ಕೊಂಡಿಯ ಹೂವು, ಸೊಂಟದ ಕೊಂಡಿಯ ಹೂವು (ಹರ್ಷಿಣಿ ಮಡಿಕೆ ಸರಿಸಿ ತೋರಿಸಿದಳು) ಎರಡನ್ನೂ ತಾಳೆ ನೋಡಿ ತೀರ್ಪು ಕೊಟ್ಟರು.

“ಚೈನ್ ತೋ ವಹೀ ಹೈ. ಆದ್ಮೀ ಬದಲ್ ಗಯಾ.” (ದಾರ ಅದೇ, ಮನುಷ್ಯ ಬದಲಾಗಿದ್ದಾನೆ.)

ಟ್ಯಾಕ್ಸಿಯಲ್ಲಿ ದ್ವಾರಕಾದವರೆಗೆ ತಾಯಿ ಮಗಳು ಕಣ್ಣೀರು ಬರುವಷ್ಟು ನಕ್ಕರು. ಸೋಮಶೇಖರರಿಗೂ ಕೊನೆಗೆ ನಗು ತಡೆಯಲಾಗಲಿಲ್ಲ.

“ಆ ಫೋಟೋ ಮೂರು ಕಾಪಿ ಮಾಡಿಸಿಡೋಣ ಇಂದಿರಾ” ಎಂದರು. “ಇನ್ನೊಂದ್ಸಲ ಹೋಗೋದಾದ್ರೆ ಬೇಕಾಗತ್ತೆ.”

“ಬರೀ ಕಾಪಿ ನಡೆಯುತ್ತಾ? ಅಟೆಸ್ಟ್ ಆಗಿರಬೇಕು ಅಂತೀರಲ್ಲ ಯಾವಾಗಲೂ?”

ಸೋಮಶೇಖರರ ನಗು ನಿಂತಿತು. ತಮ್ಮ ದಾಖಲೆಗೆ ತಾವೇ ಸಹಿ ಹಾಕುವಂತಿಲ್ಲ. ಅವರ ವಿಭಾಗದಲ್ಲಿ ಮೂಲವನ್ನು ಖುದ್ದು ಪರಿಶೀಲಿಸಿ ಸಹಿ ಹಾಕುವ ಅಧಿಕಾರವಿದ್ದವರು ಇನ್ನೊಬ್ಬರೇ, ಅವರ ಮೇಲಧಿಕಾರಿ ಶ್ರೀಮತಿ ಭಾಟಿಯಾ.